ಭೋಸರಿಗೆ ಒಂದು ಹಿತ್ತಾಳೆ ಕಪ್ಲಿಂಗ್

ಪುಣೆಯ ಕೋಥರೂಡ ಡಿಪೋದಿಂದ ಬೆಳಿಗ್ಗೆ ಹತ್ತೂವರೆಗೆ ಬಸ್ಸು ಹಿಡಿದೆ. ಚೀಲದಲ್ಲಿ ಅಂಗೈಯಗಲದ ಹಿತ್ತಾಳೆ ಕಪ್ಲಿಂಗ್. ಹಳೆಯ ವಿದ್ಯುತ್ ಸ್ವಿಚ್ ಪೆಟ್ಟಿಗೆಗಳೊಳಗಿನ ಅನಿಲವನ್ನು ಹೀರಿ ಸಿಲಿಂಡರಿಗೆ ತುಂಬುವ ಯಂತ್ರವನ್ನು ನಮ್ಮ ಕಚೇರಿ ಬಾಡಿಗೆಗೆ ಕೊಡುತ್ತದೆ. ಹಿಂದಿನ ದಿನ ಅದನ್ನು ಭೋಸರಿಯ ಕಾರ್ಖಾನೆಯೊಂದಕ್ಕೆ ಕಳಿಸಿದವನು ನಾನೇ. ಯಂತ್ರದ ಕೊಳವೆಯನ್ನು ಪೆಟ್ಟಿಗೆಗೆ ಜೋಡಿಸುವ ಈ ಕಪ್ಲಿಂಗನ್ನು ಮೇಜಿನ ಮೇಲೆ ಮರೆತವನೂ ನಾನೇ. ಮನೆಯ ಬೀಗವನ್ನು ಮೂರು ಸಲ ಜಗ್ಗಿ ನೋಡುವ ಮನುಷ್ಯ!

ಅನಿಲದ ಹೆಸರು ಸಲ್ಫರ್ ಹೆಕ್ಸಾಫ್ಲೋರೈಡ್. ಬಣ್ಣವಿಲ್ಲ, ವಾಸನೆಯಿಲ್ಲ, ಹೆಸರು ಕೇಳಿದವರೂ ಕಡಿಮೆ. ಪೆಟ್ಟಿಗೆಯೊಳಗೆ ಕಿಡಿ ಹಾರದಂತೆ ಕಾಯುತ್ತದೆ. ಹೊರಬಿದ್ದರೆ ಭೂಮಿಯಿಂದ ಏಳುವ ಶಾಖವನ್ನು ಹಿಡಿದಿಡುತ್ತದೆ. ಇದರ ಒಂದು ಕಿಲೋ ಇಪ್ಪತ್ತು ಸಾವಿರ ಕಿಲೋ ಇಂಗಾಲದ ಡೈಆಕ್ಸೈಡಿಗೂ ಮಿಗಿಲು. ಒಮ್ಮೆ ಹೋದದ್ದು ನೂರಾರು ವರ್ಷ ಮೇಲೆಯೇ.

ಅಲ್ಲಿನ ಫಿಟ್ಟರ್ ಮಲ್ಲಪ್ಪನಿಗೆ ಫೋನಿನಲ್ಲಿ, "ನಾ ಬರೂತನಕ ಪೆಟ್ಟಿಗಿ ಮುಟ್ಟಬ್ಯಾಡ್ರಿ" ಎಂದಿದ್ದೆ. ಮಹಾನಗರಪಾಲಿಕೆಯ ಮನಪಾ ನಿಲ್ದಾಣದವರೆಗೆ ಇಪ್ಪತ್ತು ರೂಪಾಯಿ, ಅಲ್ಲಿಂದ ಭೋಸರಿಗೆ ಮೂವತ್ತು. ನಾಶಿಕ ಫಾಟಾ ಕೂಡುರಸ್ತೆಯ ವಾಹನಸಂದಣಿಯಲ್ಲಿ ಬಸ್ಸು ಏಪ್ರಿಲ್ ಬಿಸಿಲಿಗೆ ಮುಕ್ಕಾಲು ಗಂಟೆ ನಿಂತಿತು. ಯಾವಾಗ ಮುಟ್ಟುತ್ತೇವೆ ಎಂದು ಐದನೇ ಸಲ ಕೇಳಿದಾಗ ಕಂಡಕ್ಟರ್ ಮರಾಠಿಯಲ್ಲಿ, "ಕಾಕಾ, ನೀವೇ ಇಳಿದು ತಳ್ಳಿ" ಎಂದ.

ತಲುಪಿದಾಗ ಒಂದೂವರೆ. ಖಾಲಿ ಮಾಡಬೇಕಿದ್ದ ಎರಡು ಪೆಟ್ಟಿಗೆಗಳಲ್ಲಿ ಒಂದರ ವಾಲ್ವ್ ತೆರೆದಿತ್ತು.

"ನಾಲ್ಕಕ್ಕ ಕರೆಂಟ್ ಬರ್ತದ, ಅಷ್ಟರೊಳಗ ಪೆಟ್ಟಿಗಿ ಬಿಚ್ಚಬೇಕು, ಕಾಯಬ್ಯಾಡ, ಗ್ಯಾಸ್ ಗಾಳಿಗೆ ಬಿಟ್ಟುಬಿಡು ಅಂದ್ರು ಮ್ಯಾನೇಜರ್ ಸಾಹೇಬ್ರು," ಮಲ್ಲಪ್ಪ ತಲೆ ಕೆರೆದುಕೊಂಡ. "ಗ್ಯಾಸೇನು ಕಣ್ಣಿಗೆ ಕಾಣ್ತದೇನ್ರಿ?"

"ಕಂಡಿದ್ರ ಬಿಡ್ತಿದ್ರೇನ್ರಿ? ಕರೀ ಹೊಗಿ ಎದ್ದಿದ್ರ ಅರ್ಧ ಭೋಸರಿ ನಿಮ್ಮ ಗೇಟಿಗೆ ಬರ್ತಿತ್ತು!"

ನನ್ನ ಮರೆವಿನ ನಾಚಿಕೆಯೂ ಸೇರಿ ದನಿ ಭಾಳ ಏರಿತ್ತು. ಎರಡನೆಯ ಪೆಟ್ಟಿಗೆಗೆ ಯಂತ್ರ ಜೋಡಿಸಿ, ಸ್ಟೂಲು ಎಳೆದು ಅದರ ಮುಂದೆಯೇ ಕೂತೆ. ಒಂದೂವರೆ ತಾಸಿನಲ್ಲಿ ಅನಿಲವೆಲ್ಲ ಸಿಲಿಂಡರಿಗೆ ಬಂತು. ಇಷ್ಟೇ ಕೆಲಸ! ಇಷ್ಟಕ್ಕೆ ತಾಳ್ಮೆಯಿಲ್ಲ!

ಮ್ಯಾನೇಜರ್ ಒಂದು ಕಾಗದ ತಂದರು. ಎರಡೂ ಪೆಟ್ಟಿಗೆಗಳ ಅನಿಲವನ್ನು ಸುರಕ್ಷಿತವಾಗಿ ತೆಗೆಯಲಾಗಿದೆ ಎಂದು ಮೊದಲೇ ಟೈಪಾಗಿತ್ತು.

"ಸಹಿ ಹಾಕಿ ಕಾಕಾ. ಮುಂದಿನ ಕೆಲಸವೂ ನಿಮಗೇ" ಎಂದರು ಮರಾಠಿಯಲ್ಲಿ.

'ಎರಡೂ' ಎಂಬುದನ್ನು ಹೊಡೆದುಹಾಕಿದೆ. 'ಒಂದರದ್ದು ಮಾತ್ರ. ಇನ್ನೊಂದನ್ನು ಗಾಳಿಗೆ ಬಿಟ್ಟಿದ್ದಾರೆ. ನಾನು ತಡವಾಗಿ ಬಂದೆ' ಎಂದು ಬರೆದು ಸಹಿ ಹಾಕಿದೆ. ಅವರು ಕಾಗದ ಕಸಿದುಕೊಂಡರು. ನಮ್ಮ ಕಚೇರಿಯನ್ನು ಇನ್ನು ಕರೆಯುವುದಿಲ್ಲವಂತೆ. ಸೋಮವಾರ ನನಗೆ ಕೆಲಸವಿರುತ್ತದೋ ಇಲ್ಲವೋ ಎಂಬ ಚಿಂತೆ ಅಲ್ಲೇ ಶುರುವಾಯಿತು.

ಮರಳುವ ಬಸ್ಸಿನಲ್ಲಿ ನಿಂತೇ ಹಿಂತಿರುಗಿ ನೋಡಿದೆ. ಕಾರ್ಖಾನೆಯ ತಗಡಿನ ಮೇಲೆ ಆಕಾಶ ಒಂದು ಕಲೆಯೂ ಇಲ್ಲದೆ ನೀಲಿಯಾಗಿತ್ತು. ಅಷ್ಟು ಸ್ವಚ್ಛ ಕಂಡದ್ದಕ್ಕೇ ಮೈ ಉರಿಯಿತು.