ಏಕಮಾನದ ಮೇಷ್ಟ್ರು

ನಮ್ಮ ಕೆಮಿಸ್ಟ್ರಿ ಮೇಷ್ಟ್ರ ಕಣ್ಣಿಗೆ ಏಕಮಾನವಿಲ್ಲದ ಸಂಖ್ಯೆಯೆಂದರೆ ಚಡ್ಡಿ ಹಾಕದೆ ಬೀದಿಗೆ ಬಂದವನ ಹಾಗೆ. "ಉತ್ತರ ಐದು ಸಾರ್" ಎಂದರೆ ಸಾಕು, "ಐದು ಏನಪ್ಪಾ? ಲೀಟರೋ, ಮಿಲಿಲೀಟರೋ, ನಿನ್ ತಲೆಯೋ?" ಎಂದು ಸೀಮೆಸುಣ್ಣ ಎತ್ತುತ್ತಿದ್ದರು. ಬೋರ್ಡಿನ ಉದ್ದಕ್ಕೂ ಭಿನ್ನರಾಶಿಗಳನ್ನು ರೈಲು ಡಬ್ಬಿಗಳಂತೆ ಜೋಡಿಸಿ, ಮೇಲೊಂದು ಗ್ರಾಂ, ಕೆಳಗೊಂದು ಗ್ರಾಂ ಎರಡನ್ನೂ ಓರೆಗೀಟಿನಲ್ಲಿ ಹೊಡೆದುಹಾಕಿ "ಏನುಳೀತು?" ಎನ್ನುವಾಗ ಅವರ ಮುಖದಲ್ಲಿ ಚಪ್ಪಲಿಯೊಳಗಿನ ಕಲ್ಲು ತೆಗೆದ ಸಮಾಧಾನ. ಉತ್ತರ ಸರಿಯಿದ್ದರೂ ಏಕಮಾನ ಬರೆಯದ ನನಗೆ ಸೊನ್ನೆ ಕೊಟ್ಟು, ಆ ಸೊನ್ನೆಯ ಮುಂದೆ ಮರೆಯದೆ 'ಅಂಕ' ಎಂದು ಬರೆದಿದ್ದರು. ದರ್ಜಿ "ಸೊಂಟ ಮೂವತ್ತಾರು" ಎಂದರೂ "ಇಂಚೋ, ಮೊಳವೋ?" ಎಂದು ಕೇಳದೆ ಬಿಡುವವರಲ್ಲ. ಮೊನ್ನೆ ಅವರ ಮನೆಗೆ ಹೋದಾಗ ಪುಟ್ಟ ಮೊಮ್ಮಗಳು ಜ್ವರ ಬಂದು ಮಲಗಿದ್ದಳು. ಡಾಕ್ಟರು ಕಿಲೋ ತೂಕಕ್ಕೆ ಇಷ್ಟು ಮಿಲಿಗ್ರಾಂ ಎಂದು ಬರೆದಿದ್ದರು. ಸೀಸೆಯ ಮೇಲೆ ಮಿಲಿಲೀಟರಿಗೆ ಇಷ್ಟು ಮಿಲಿಗ್ರಾಂ ಎಂದಿತ್ತು, ಔಷಧದ ಮುಚ್ಚಳದ ಮೇಲಿದ್ದದ್ದು ಬರೀ ಮಿಲಿಲೀಟರಿನ ಗೀಟು. ಮೇಷ್ಟ್ರು ಚೀಟಿಯ ಹಿಂದೆ ಅದೇ ರೈಲು ಕಟ್ಟಿ, ಕಿಲೋ ಹೊಡೆದು, ಮಿಲಿಗ್ರಾಂ ಹೊಡೆದು, ಮೂರು ಸಲ ಲೆಕ್ಕ ಮಾಡಿ, ಪ್ರತಿ ಸಲವೂ ಒಂದೇ ಉತ್ತರ ಬಂದರೂ ಔಷಧ ಬಗ್ಗಿಸಲಿಲ್ಲ. ಚೀಟಿಯನ್ನು ನನ್ನತ್ತ ಚಾಚಿದರು. "ನೀನೊಂದ್ಸಲ ನೋಡೋ, ಏನುಳೀತು?" ಸೊನ್ನೆ ಅಂಕದ ಶಿಷ್ಯನಾದ ನಾನು ಪ್ರತಿ ಗೀಟಿನ ಮೇಲೂ ಬೆರಳಿಟ್ಟು ನೋಡಿ ಹೇಳಿದೆ: "ಮಿಲಿಲೀಟರ್ ಸಾರ್. ಐದು ಮಿಲಿಲೀಟರ್." ಆಮೇಲೆಯೇ ಅವರು ಮುಚ್ಚಳಕ್ಕೆ ಔಷಧ ಬಗ್ಗಿಸಿದ್ದು.