ತಡೆ ಇಟ್ಟ ಗರಗಸ

ಯರಗಟ್ಟಿಯ ಶಟ್ಟೆಪ್ಪ ಪಂಪು, ಪೈಪಿನ ಕೆಲಸದವನು. ಅವನನ್ನು ಗಟ್ಟಿ ಗುಂಡಿಗೆಯವನು ಎಂದು ಊರು ಹೊಗಳಿದರೆ ನನಗೆ ನಗು ಬರುತ್ತದೆ. ಆ ಮನುಷ್ಯ ಹೆದರುತ್ತಲೇ ಕೆಲಸ ಮಾಡಿದವನು. ಅವನ ಕೈಕೆಳಗಿನ ಆಳಾಗಿ ನಾನು ಪಕ್ಕದಲ್ಲಿ ನಿಂತು ನೋಡಿದ್ದೇನೆ.

ಎಪ್ಪತ್ತೈದರ ಸುಮಾರಿಗೆ ನಮ್ಮ ಕಡೆ ಸಗಣಿ ಗ್ಯಾಸು ಬಂತು. ಅಂಗಳದ ಹಾಸುಗಲ್ಲು ಕೀಳಲು ಮನಸ್ಸಿಲ್ಲದವರು ಹಳೆಯ ಕಬ್ಬಿಣದ ನೀರಿನ ಪೈಪಿನೊಳಗೇ ಗ್ಯಾಸಿನ ಕರಿ ಪ್ಲಾಸ್ಟಿಕ್ ಪೈಪು ತೂರಿಸಿದರು. ಗ್ಯಾಸಿನ ತೇವ ಆ ಒಳಪೈಪಿನಲ್ಲಿ ನೀರಾಗಿ ನಿಂತರೆ ಗ್ಯಾಸು ಬರದು. ಮೇಲಿನ ಕಬ್ಬಿಣ ಕೊಯ್ದೇ ಸರಿಮಾಡಬೇಕು. ಮೊದಲ ಸಲ ಶಟ್ಟೆಪ್ಪನ ಗರಗಸ ಒಳಗಿನ ಪೈಪಿಗೂ ಇಳಿಯಿತು. ಸೋರಿದ ಗ್ಯಾಸಿಗೆ ಒಲೆಯ ಕಿಡಿ ತಾಗಿ ಅವನ ಬಲಗೈ ಬೆಂದಿತು. ಮೂರು ತಿಂಗಳು ಹೆಂಡತಿ ಪದ್ಮವ್ವನೇ ಉಣಿಸಿದಳು.

ಆಮೇಲೆ ಅವನು ಗರಗಸದ ಅಲಗಿನ ಎರಡೂ ಬದಿಗೆ ಹಿತ್ತಾಳೆ ಪಟ್ಟಿ ಬಿಗಿದ. ಕಬ್ಬಿಣದ ದಪ್ಪದಷ್ಟೇ ಹಲ್ಲು ಹೊರಗೆ. ಅದಕ್ಕಿಂತ ಆಳ ಇಳಿಯದು.

ದೊಡವಾಡದ ನಿಜಗುಣಪ್ಪನವರ ಮನೆಯಲ್ಲಿ ಅದರ ಪರೀಕ್ಷೆ. ಗ್ಯಾಸಿನ ನಲ್ಲಿ ತುಕ್ಕು ಹಿಡಿದು ಪೂರ್ತಿ ಮುಚ್ಚುತ್ತಿರಲಿಲ್ಲ. ಕಟ್ಟಿಗೆ ಒಲೆ, ದೇವರ ದೀಪ ಎಲ್ಲ ಆರಿಸಿ, ಮನೆಯ ಹಿರಿಯಳು ಗುರುಬಸವ್ವನನ್ನು ಮುಂಬಾಗಿಲಿಗೆ ಕಾವಲು ಕೂರಿಸಿದೆವು. ಅಡುಗೆಮನೆಯಲ್ಲಿ ಪೈಪು ಮೇಲೆದ್ದ ಕಡೆ ಅವನು ಕೊಯ್ಯುತ್ತಿದ್ದ, ನಾನು ಅಲಗಿಗೆ ಎಣ್ಣೆ ಹನಿಸುತ್ತಿದ್ದೆ. ಪ್ರತಿ ಎಳೆತಕ್ಕೂ ನಿಂತು ಪಟ್ಟಿ ಮುಟ್ಟಿ ನೋಡುತ್ತಿದ್ದ.

ಸ್ವಲ್ಪ ಕೊಯ್ದವನು ತಟ್ಟನೆ ಅಲಗು ಎತ್ತಿದ. ಅಲ್ಲಿ ಕಬ್ಬಿಣವನ್ನು ತುಕ್ಕು ತಿಂದು ತೆಳುವಾಗಿಸಿತ್ತು. ಹಲ್ಲು ಒಳಗೆ ತಾಗಿತೋ ಇಲ್ಲವೋ ತಿಳಿಯದೆ ಇಬ್ಬರೂ ಬಗ್ಗಿ ನೋಡುತ್ತಿದ್ದೆವು. ಆಗ ಹಿತ್ತಲ ಬಾಗಿಲಿನಿಂದ ನೆರೆಮನೆಯ ಬಾಯವ್ವ ಬಂದಳು. ಕೈಯಲ್ಲಿ ಒಣಸಗಣಿಯ ಕುಳ್ಳು, ಅದರ ಮೇಲೆ ನಿಗಿನಿಗಿ ಕೆಂಡ.

"ಅಕ್ಕಾರ, ನಿಮ್ಮ ಮನ್ಯಾಗ ಹೊಗಿ ಕಾಣಲಿಲ್ಲ. ಬೆಂಕಿ ಆರೇತೇನೋ ಅಂತ ತಂದೇನಿ."

ನಮ್ಮಲ್ಲಿ ಬೆಂಕಿ ಕೇಳಿದವರಿಗೆ ಯಾರೂ ಇಲ್ಲ ಎನ್ನುವುದಿಲ್ಲ, ಕೇಳದೆಯೂ ಕೊಡುತ್ತಾರೆ. ಅದು ನಮಗೆ ಹೊಳೆದೇ ಇರಲಿಲ್ಲ. ಶಟ್ಟೆಪ್ಪ ಕೊಯ್ದ ಜಾಗವನ್ನು ಅಂಗೈಯಿಂದ ಒತ್ತಿ ಮುಚ್ಚಿದ. ನಾವು ತಡೆಯುವ ಮೊದಲೇ ಅವಳು ಪೈಪನ್ನು ದಾಟಿ, ಒಲೆಗೆ ಕೆಂಡ ಹಾಕಿ, ಸೆರಗಿನಿಂದ ಕೈ ಒರೆಸಿಕೊಂಡಳು. ಏನೂ ಆಗಲಿಲ್ಲ.

ಒಲೆಗೆ ನೀರು ಸುರಿದು, ಅವಳನ್ನು ಕಳಿಸಿ, ಕಬ್ಬಿಣ ಬಿಡಿಸಿ ನೋಡಿದೆವು. ಕರಿ ಪೈಪಿನ ಮೇಲೆ ಉಗುರು ಗೀರಿದಷ್ಟು ಗೆರೆ. ತೂತಾಗಿರಲಿಲ್ಲ.

"ಇನ್ನೊಂದು ಸಲ ಎಳದಿದ್ರ ಬಾಯವ್ವ ಇರತಿರಲಿಲ್ಲ," ಎಂದು ಶಟ್ಟೆಪ್ಪ ಅಲ್ಲೇ ಕುಸಿದು ಕುಳಿತು ಅತ್ತ.

ಮನೆಗೆ ಹೋಗಿ, ಹಲ್ಲು ಇನ್ನೂ ಕಡಿಮೆ ಹೊರಗಿರುವಂತೆ ಹಿತ್ತಾಳೆ ಪಟ್ಟಿಯನ್ನು ಇನ್ನಷ್ಟು ಕೆಳಗಿಳಿಸಿದ. ಅಂದಿನಿಂದ ಎಲ್ಲಿ ಕೊಯ್ಯಲು ಹೋದರೂ ಪದ್ಮವ್ವನೂ ಜೊತೆಗಿರುತ್ತಿದ್ದಳು. ತುಂಬಿದ ಕೊಡ ಪಕ್ಕದಲ್ಲಿಟ್ಟುಕೊಂಡು, ಕೆಲಸ ಮುಗಿಯುವ ತನಕ ಹಿತ್ತಲ ಬಾಗಿಲಿಗೆ ಅಡ್ಡ ಕುಳಿತಿರುತ್ತಿದ್ದಳು.