ಯಾದಿಯಲ್ಲಿ ಇಲ್ಲದ ಸಾಬಮ್ಮ

ನೀಲಾಬಾಯಿ ಹುಟ್ಟಿ ಬೆಳೆದದ್ದು ಶಹಾಬಾದಿನಲ್ಲಿ. ತಂದೆ ನೆಲಕ್ಕೆ ಹಾಸುವ ಫರ್ಸಿ ಕಲ್ಲಿಗೆ ಪಾಲಿಶ್ ಹಾಕುವ ಕಾರ್ಖಾನೆಯಲ್ಲಿ ದುಡಿಯುತ್ತಿದ್ದರು. ಮನೆತನದಲ್ಲಿ ಹೈಸ್ಕೂಲು ಮುಗಿಸಿದ ಮೊದಲ ಹೆಣ್ಣುಮಗಳು ಆಕೆ. ದೈಹಿಕ ಶಿಕ್ಷಣದ ತರಬೇತಿ ಪಡೆದು ೧೯೬೮ರಲ್ಲಿ ಚಿತ್ತಾಪುರದ ಹೆಣ್ಣುಮಕ್ಕಳ ಶಾಲೆಯೊಂದಕ್ಕೆ ಟೀಚರಾಗಿ ಬಂದಾಗ ಅಲ್ಲಿದ್ದ ಆಟದ ಸಾಮಾನೆಂದರೆ ಗಾಳಿ ಹೋದ ಒಂದು ಚೆಂಡು, ಎರಡು ಹಗ್ಗ. ಖೋ ಖೋ ಆಟಕ್ಕೆ ಎರಡು ಕಂಬ ಸಾಕು ಎಂದು ಅವರು ಅದನ್ನೇ ಹಿಡಿದರು. ಕಂಬ ಹುಗಿಸಿದರು, ಕಲ್ಲು ಆರಿಸಿದರು, ಲಂಗ ಮೇಲೆ ಕಟ್ಟಿಕೊಂಡು ಓಡಲು ಹುಡುಗಿಯರಿಗೆ ಕಲಿಸಿದರು. ಮಕ್ಕಳ ಮನೆಗಳಿಗೆ ಹೋಗಿ ಬೈಗುಳವನ್ನೂ ತಿಂದು ಬಂದರು. ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಅವರ ತಂಡ ತಾಲ್ಲೂಕಿನಲ್ಲಿ ಗೆದ್ದು, ಸೇಡಂನಲ್ಲಿ ನಡೆಯುವ ಜಿಲ್ಲಾ ಪಂದ್ಯಕ್ಕೆ ಆಯ್ಕೆಯಾಯಿತು.

ಆ ತಂಡದಲ್ಲಿ ಇಬ್ಬರು ಸಾಬಮ್ಮಂದಿರಿದ್ದರು. ಪೀರಪ್ಪನ ಮಗಳು ಎತ್ತರದವಳು, ಭಗವಂತನ ಮಗಳು ಗಿಡ್ಡಕ್ಕಿದ್ದಳು. ಹುಡುಗಿಯರು ಅವರನ್ನು ಉದ್ದ ಸಾಬವ್ವ, ಗಿಡ್ಡ ಸಾಬವ್ವ ಎಂದೇ ಕರೆಯುತ್ತಿದ್ದರು. ಉದ್ದ ಸಾಬಮ್ಮ ಓಡತೊಡಗಿದರೆ ಬೆನ್ನಟ್ಟುವವರಿಗೆ ಸುಸ್ತಾಗಿ ಕೂತುಬಿಡಬೇಕು ಅನ್ನಿಸುತ್ತಿತ್ತು. ಒಮ್ಮೆ ಅವಳೊಬ್ಬಳೇ ಐದು ನಿಮಿಷ ಸಿಕ್ಕಿರಲಿಲ್ಲ.

ಖೋ ಖೋದಲ್ಲಿ ಓಡುವ ಒಂಬತ್ತು ಜನ ಮೂವರು ಮೂವರಾಗಿ ಒಳಗೆ ಬರಬೇಕು. ಯಾರ ನಂತರ ಯಾರು ಎಂಬ ಪಾಳಿಯನ್ನು ಮೊದಲೇ ಬರೆದು, ಅಂಕ ಬರೆಯುವ ಸ್ಕೋರರ್ ಕೈಗೆ ಯಾದಿ ಕೊಟ್ಟುಬಿಡಬೇಕು. ಪಾಳಿ ತಪ್ಪಿ ಬಂದವಳು ಔಟು. ಯಾದಿಯಲ್ಲಿ ಹೆಸರೇ ಇಲ್ಲದವಳಿಗಂತೂ ಆಟವೇ ಇಲ್ಲ. ನೀಲಾಬಾಯಿ ತಮ್ಮ ಕೈಯಿಂದಲೇ ಯಾದಿ ಬರೆದರು. ಮೊದಲ ಮೂವರಲ್ಲಿ ಎರಡನೆಯವಳು ಸಾಬಮ್ಮ, ಎದೆಯ ಮೇಲಿನ ನಂಬರ್ ಎರಡು. ಕೊನೆಯ ಮೂವರಲ್ಲಿ ಇನ್ನೊಬ್ಬ ಸಾಬಮ್ಮ, ನಂಬರ್ ಎಂಟು. ತಂದೆಯ ಹೆಸರು ಬರೆಯಬೇಕೆಂದು ಅವರಿಗೆ ಹೊಳೆಯಲಿಲ್ಲ.

ಶಾಲೆಯಿಂದ ಹೊರಗೆ ಹೋಗುವ ಕಾಗದವೆಲ್ಲ ಗುಮಾಸ್ತ ಫಕೀರಸಾಬರ ಅಕ್ಷರದಲ್ಲೇ ಇರಬೇಕು ಎಂಬುದು ಹೆಡ್‌ಮಾಸ್ತರ ಮಾಣಿಕಪ್ಪನವರ ಕಟ್ಟಪ್ಪಣೆ. ಫಕೀರಸಾಬರ ಅಕ್ಷರ ಅಷ್ಟು ಚಂದವಿತ್ತು. ಅವರು ಯಾದಿಯನ್ನು ನಕಲು ಮಾಡಿ, ಮೈಸೂರು ರಾಜ್ಯದ ಶಿಕ್ಕೆ ಒತ್ತಿ, ಸೈಕಲ್ಲಿನ ಮೇಲೆ ಸ್ಟೇಷನ್ನಿಗೆ ತರುವಷ್ಟರಲ್ಲಿ ಸೇಡಂ ಕಡೆಯ ಪ್ಯಾಸೆಂಜರ್ ಬಂದು ನಿಂತಿತ್ತು. ಹನ್ನೆರಡು ಹುಡುಗಿಯರು, ಅವರ ಬುತ್ತಿ ಗಂಟುಗಳು, ನೀರಿನ ಬಿಂದಿಗೆ ಎಲ್ಲವನ್ನೂ ಡಬ್ಬಿಗೆ ಹತ್ತಿಸುತ್ತಿದ್ದ ನೀಲಾಬಾಯಿ, ಕಾಗದವನ್ನು ಬಾಗಿಲಿಗೆ ಒತ್ತಿ ಹಿಡಿದು ಸಹಿ ಮಾಡಿದರು. ಓದಲಿಲ್ಲ.

ಸೇಡಂನಲ್ಲಿ ಮೊದಲ ಪಂದ್ಯವೇ ಗುಲಬರ್ಗಾ ಪಟ್ಟಣದ ತಂಡದ ಮೇಲೆ. ಸೋತವರು ಮನೆಗೆ ಹೋಗಬೇಕು. ಗೆದ್ದು ಮುಂದೆ ಹೋದವರಲ್ಲಿ ಒಳ್ಳೆಯವರನ್ನು ವಿಭಾಗದ ತಂಡಕ್ಕೆ ಆರಿಸಲು ಇಬ್ಬರು ಬಂದು ಕುಳಿತಿದ್ದರು. ಇದನ್ನು ನೀಲಾಬಾಯಿ ಹುಡುಗಿಯರಿಗೆ ಹೇಳಿರಲಿಲ್ಲ. ಹೇಳಿದರೆ ಕಾಲು ನಡುಗುತ್ತದೆ ಎಂದು.

ಚಿತ್ತಾಪುರದ ಮೊದಲ ಮೂವರು ಒಳಗೆ ಬಂದರು. ಸೀಟಿ ಊದಿದರು. ಹತ್ತು ಹೆಜ್ಜೆ ಓಡಿರಲಿಲ್ಲ, ಸ್ಕೋರರ್ ಕೈ ಎತ್ತಿದ. ಆತ ಅಲ್ಲಾವುದ್ದೀನ, ಕಾಳಗಿ ಕಡೆಯ ಡ್ರಿಲ್ ಮಾಸ್ತರ.

"ಎರಡು ನಂಬರಿನಾಕಿ ಹೊರಗ ಬಾ. ನಿನ್ನ ಹೆಸರಿಲ್ಲ."

ನೀಲಾಬಾಯಿ ಮೇಜಿನ ಹತ್ತಿರ ಓಡಿದರು. ಫಕೀರಸಾಬರ ಮುತ್ತಿನಂಥ ಅಕ್ಷರದಲ್ಲಿ ಮೊದಲ ಹೆಸರು ಲಾಲಮ್ಮ, ಎರಡನೆಯದು ಗುಲ್ಶನ್ (ನಂಬರ್ ಹತ್ತು), ಮೂರನೆಯದು ಪೀರಮ್ಮ. ಗುಲ್ಶನ್ ಬದಲಿ ಆಟಗಾರ್ತಿ. ಎಂಟನೆಯ ಸಾಲಿನಲ್ಲಿ ಸಾಬಮ್ಮ ಇದ್ದಳು, ನಂಬರ್ ಎಂಟು, ಗಿಡ್ಡ ಸಾಬಮ್ಮ. ಉದ್ದ ಸಾಬಮ್ಮ ಎಲ್ಲಿಯೂ ಇರಲಿಲ್ಲ.

"ಇದು ನಕಲು ಮಾಡೋ ಮುಂದ ಆದ ಗಲತಿರಿ. ಹುಡುಗಿ ನಿಮ್ಮ ಕಣ್ಣ ಮುಂದೇ ನಿಂತಾಳ," ಎಂದರು.

ಮುಖ್ಯ ನಿರ್ಣಾಯಕರು ಕಾಗದ ತಿರುಗಿಸಿ ನೋಡಿದರು. "ಈ ಸಹಿ ನಿಮ್ದೇ ಹೌದಲ್ರಿ?"

"ಹೌದ್ರಿ."

"ಮತ್ತ? ಸೀಟಿ ಊದಿದ ಮ್ಯಾಲೆ ಯಾದಿ ತಿದ್ದಲಿಕ್ಕೆ ಬರಂಗಿಲ್ರಿ ಬಾಯಾರ."

ಉದ್ದ ಸಾಬಮ್ಮ ಹೊರಗೆ ಹೋದಳು. ಗುಲ್ಶನ್ ಪಾಪ, ಏನೂ ತಯಾರಿಲ್ಲದೆ ಒಳಗೆ ಬಂದು ಅರ್ಧ ನಿಮಿಷಕ್ಕೇ ಸಿಕ್ಕಳು. ಉಳಿದ ಹುಡುಗಿಯರು ಜೀವ ಬಿಟ್ಟು ಆಡಿದರು. ಉದ್ದ ಸಾಬಮ್ಮ ಗೆರೆಯ ಆಚೆ ಬಿಸಿಲಿನಲ್ಲಿ ನಿಂತೇ ಇದ್ದಳು; ಕೂಡು ಎಂದರೂ ಕೂಡಲಿಲ್ಲ. ಚಿತ್ತಾಪುರ ಒಂದೇ ಒಂದು ಅಂಕದಿಂದ ಸೋತಿತು.

ಜನ ಚದುರಿದ ಮೇಲೆ ನೀಲಾಬಾಯಿ ಅಲ್ಲಾವುದ್ದೀನನ ಮುಂದೆ ಹೋಗಿ ನಿಂತರು.

"ಒಂದು ಮಾತು ಖರೆ ಹೇಳ್ರಿ. ಆಟ ಸುರು ಆಗೋಕಿಂತ ಮೊದಲೇ ನಿಮಗ ಇದು ಕಂಡಿತ್ತೇನು?"

ಅಲ್ಲಾವುದ್ದೀನ ಪೆನ್ನಿನ ಮುಚ್ಚಳ ಹಾಕುತ್ತ, "ಕಂಡಿತ್ರಿ. ನಂಬರ್ ನೋಡ್ದೆ, ಯಾದಿ ನೋಡ್ದೆ, ಕೂಡಲಿಲ್ಲ," ಎಂದ.

"ಮತ್ತ ಯಾಕ ಹೇಳಲಿಲ್ಲ?"

"ನನ್ನ ಕೆಲಸ ಬರಕೊಳ್ಳೋದು, ಹೇಳೋದಲ್ರಿ. ನಾ ಹೇಳಿದ್ರ ಆ ಕಡಿಯವ್ರು ನನ್ನ ಕಾಲರ್ ಹಿಡೀತಿದ್ರು."

ಆತ ಕೆಟ್ಟವನಾಗಿರಲಿಲ್ಲ. ಅದೇ ನೀಲಾಬಾಯಿಗೆ ಸಹಿಸಲಾಗದ ಸಂಗತಿ. ಯಾರನ್ನಾದರೂ ಹಿಡಿದು ಬೈಯಬಹುದಾಗಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಹಿಂತಿರುಗುವ ಗಾಡಿಯಲ್ಲಿ ಸಾಬಮ್ಮ ಅವರ ಪಕ್ಕ ಬಂದು ಕುಳಿತಳು. "ಟೀಚರ್, ನಾ ಏನು ಗಲತಿ ಮಾಡಿದ್ನಿರಿ?" ನೀಲಾಬಾಯಿ, "ನೀ ಏನೂ ಮಾಡಿಲ್ಲವ್ವ," ಎಂದಷ್ಟೇ ಹೇಳಿ ಕಿಟಕಿಯ ಕಡೆ ಮುಖ ತಿರುಗಿಸಿದರು.

ಮರುದಿನ ಶಾಲೆಯ ಕಚೇರಿಯಲ್ಲಿ ಫಕೀರಸಾಬರು ಎದ್ದು ನಿಂತೇ ಮಾತಾಡಿದರು. "ಒಂದೇ ಹೆಸರು ಎರಡು ಸರ್ತಿ ಬಂದಿತ್ರಿ. ನೀವು ಅವಸರದಾಗ ಗಲತಿ ಮಾಡೀರಿ ಅಂತ ತಿಳಕೊಂಡು, ಕೆಳಗಿನ ಬದಲಿ ಹೆಸರು ಮ್ಯಾಲೆ ತಗೊಂಡ್ನಿ. ಸಾಲಿ ಮಾನ ಹೋಗಬಾರದಂತ ಮಾಡಿದ್ದು."

"ನನ್ನ ಕೇಳಬೇಕಾಗಿತ್ತಲ್ರಿ, ಸಾಬ್!"

"ಕೇಳಬೇಕಾಗಿತ್ತು. ನೀವೂ ಸಹಿ ಮಾಡೋ ಮುಂದ ಓದಬೇಕಾಗಿತ್ತಲ್ರಿ."

ಮಾಣಿಕಪ್ಪನವರು ನೀಲಾಬಾಯಿಗೆ ಒಂದು ನೋಟೀಸು ಕೊಟ್ಟರು. ಅದನ್ನೂ ಫಕೀರಸಾಬರೇ ಬರೆದಿದ್ದರು, ಅಷ್ಟೇ ಚಂದದ ಅಕ್ಷರದಲ್ಲಿ. ಅಂದಿನಿಂದ ಆಟದ ಯಾದಿಯನ್ನು ನೀಲಾಬಾಯಿ ಯಾರ ಕೈಗೂ ಕೊಡಲಿಲ್ಲ. ಹೆಡ್‌ಮಾಸ್ತರರು ಎರಡು ಸಲ ಕರೆದು ಗದರಿಸಿದರೂ ಕೊಡಲಿಲ್ಲ.

ಉದ್ದ ಸಾಬಮ್ಮನಿಗೆ ಶಾಲೆಯಲ್ಲಿ ಅದೇ ಕೊನೆಯ ವರ್ಷ. ಪರೀಕ್ಷೆ ಮುಗಿದ ತಿಂಗಳಲ್ಲೇ ಮದುವೆಯಾಯಿತು. ಮೂರು ವರ್ಷದ ನಂತರ ಕಾಳಗಿಯ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಳು, ಬಗಲಲ್ಲಿ ಕೂಸು. ನೀಲಾಬಾಯಿ ಆ ಪಂದ್ಯದ ಮಾತು ತೆಗೆದರು. ಅವಳು ನಕ್ಕುಬಿಟ್ಟಳು. "ಅಯ್ಯ, ಅದನ್ನ ಇನ್ನೂ ನೆನಪಿಟ್ಟೀರೇನ್ರಿ ಟೀಚರ್? ಆಟ ಅಂದ ಮ್ಯಾಲೆ ಸೋಲೋದು ಇದ್ದದ್ದೇ." ಆರಿಸುವವರು ಅಂದು ಮೈದಾನದಲ್ಲಿದ್ದರು ಎಂಬುದು ಅವಳಿಗೆ ಇಂದಿಗೂ ಗೊತ್ತಿಲ್ಲ. ನೀಲಾಬಾಯಿ ಕೂಸಿನ ಕೈಗೆ ಬಿಸ್ಕೀಟು ಕೊಟ್ಟು ಬಸ್ಸು ಹತ್ತಿದರು. ಆ ನಗು ಅವರನ್ನು ವಾರಗಟ್ಟಲೆ ಕಾಡಿತು.

ಸೇಡಂನ ಆ ಪಂದ್ಯದ ಮರುವರ್ಷದಿಂದಲೇ, ಪ್ರತಿ ವರ್ಷ ಜೂನ್ ಬಂತೆಂದರೆ ಅವರು ಆಟ ನಡೆಸುವ ಸಮಿತಿಗೆ ಒಂದು ಅರ್ಜಿ ಬರೆಯುತ್ತಿದ್ದರು. ಕೇಳುತ್ತಿದ್ದದ್ದು ದೊಡ್ಡದೇನಲ್ಲ. ಸೀಟಿ ಊದುವ ಮೊದಲು ಸ್ಕೋರರ್ ಎರಡೂ ತಂಡದ ಯಾದಿಯನ್ನು ಗಟ್ಟಿಯಾಗಿ ಓದಲಿ, ಹುಡುಗಿಯರು ಕೈ ಎತ್ತಲಿ, ತಪ್ಪಿದ್ದರೆ ಆಗಲೇ ತಿದ್ದಲಿ. ಎರಡು ನಿಮಿಷದ ಕೆಲಸ. ಏಳು ಅರ್ಜಿ ಹೋದವು. ಒಂದಕ್ಕೂ ಜವಾಬು ಬರಲಿಲ್ಲ.

೧೯೭೯ರಲ್ಲಿ ವಾಡಿಯ ಪಂದ್ಯಕ್ಕೆ ಸ್ಕೋರರ್ ಒಬ್ಬರು ಜ್ವರ ಬಂದು ಮಲಗಿದ್ದರಿಂದ ನೀಲಾಬಾಯಿಯನ್ನೇ ಮೇಜಿಗೆ ಕೂಡಿಸಿದರು. ಚಿಂಚೋಳಿ ಕಡೆಯ ತಂಡದ ಯಾದಿ ಕೈಗೆ ಬಂತು. ಅದರಲ್ಲಿ ಐದನೆಯ ನಂಬರ್ ಎರಡು ಕಡೆ ಇತ್ತು, ಒಂಬತ್ತನೆಯದು ಇರಲೇ ಇಲ್ಲ. ಸಿಮೆಂಟಿನ ಧೂಳು ಕೂತ ಬಯಲಿನಲ್ಲಿ ಒಂಬತ್ತನೆಯ ನಂಬರಿನ ಹುಡುಗಿ ರಿಬ್ಬನ್ ಬಿಗಿ ಮಾಡಿಕೊಳ್ಳುತ್ತಿದ್ದಳು.

ನೀಲಾಬಾಯಿ ಎದ್ದು ನಿಂತು ಎರಡೂ ಯಾದಿಯನ್ನು ಗಟ್ಟಿಯಾಗಿ ಓದಿದರು. ಚಿಂಚೋಳಿಯ ಮಾಸ್ತರ ಓಡಿ ಬಂದು ನಂಬರ್ ತಿದ್ದಿದ. ಆ ತಂಡವೇ ಗೆದ್ದಿತು. ಸೋತ ತಂಡದ ಮಾಸ್ತರ ಸಂಗಣ್ಣ ಮೇಜಿಗೆ ಬಂದ.

"ನಿಮಗ ಓದ್ರಿ ಅಂತ ಯಾರು ಹೇಳಿದ್ರು? ಅವರಿಗೆ ಸಹಾಯ ಮಾಡೀರಿ ನೀವು."

"ನಿಮ್ಮ ಯಾದಿನೂ ಓದೀನ್ರಿ. ಅದರೊಳಗ ಗಲತಿ ಇದ್ದಿದ್ರ ನಿಮಗೂ ತಿದ್ದಲಿಕ್ಕೆ ಬರ್ತಿತ್ತು."

"ನಿಯಮದಾಗ ಎಲ್ಲಿ ಅದ ತೋರಿಸ್ರಿ."

ನಿಯಮದಲ್ಲಿ ಇರಲಿಲ್ಲ. ಸಂಗಣ್ಣ ದೂರು ಬರೆದ. ಏಳು ಅರ್ಜಿಗೆ ಬಾಯಿ ಬಿಡದ ಸಮಿತಿ, ಈ ಒಂದು ದೂರಿಗೆ ಹದಿನೈದೇ ದಿನದಲ್ಲಿ ಆದೇಶ ಕಳಿಸಿತು: ಎರಡು ವರ್ಷ ನೀಲಾಬಾಯಿಯವರನ್ನು ಯಾವ ಪಂದ್ಯಕ್ಕೂ ಸ್ಕೋರರಾಗಿ ಕರೆಯಬಾರದು. ಅವರು ಅದನ್ನು ಓದಿ ನಾಲ್ಕು ಮಡಿಕೆ ಮಾಡಿ ಹರಿದರು. ಆಮೇಲೆ, ಬೇಕಾದೀತು ಎಂದು ಚೂರುಗಳನ್ನು ಆರಿಸಿ ಅಂಟಿಸಿದರು.

ಎರಡು ವರ್ಷ ಅವರು ತಮ್ಮ ತಂಡದ ಜೊತೆ ಹೋಗಿ ಗೆರೆಯ ಆಚೆಯೇ ಕುಳಿತರು. ಅಷ್ಟರಲ್ಲಿ ಕೆಲವು ಸ್ಕೋರರ್‌ಗಳು ತಾವಾಗಿಯೇ ಯಾದಿ ಓದತೊಡಗಿದ್ದರು. ಯಾರೂ ಹೇಳಿರಲಿಲ್ಲ, ಯಾರೂ ತಡೆಯಲಿಲ್ಲ. ಇದು ನೀಲಾಬಾಯಿಯಿಂದ ಬಂದದ್ದು ಎಂದು ಯಾರ ಬಾಯಲ್ಲೂ ಬರಲಿಲ್ಲ. ಹಾಗೆ ಓದಿದ್ದಕ್ಕೆ ಅವರೊಬ್ಬರಿಗೇ ಶಿಕ್ಷೆ.

೧೯೮೨ರಲ್ಲಿ ಸಮಿತಿಯ ಹೊಸ ಕಾರ್ಯದರ್ಶಿ ಶಾಲೆಗೇ ಬಂದರು. "ಶಹಾಬಾದದಾಗ ಪಂದ್ಯ ಅದ. ಸ್ಕೋರರ್ ಸಿಗವಲ್ರು. ಬರ್ರಿ ಬಾಯಾರ."

"ಬರ್ತೀನ್ರಿ. ಯಾದಿ ಓದ್ತೀನಿ."

"ಓದ್ರಿ, ಈಗ ಎಲ್ಲಾರೂ ಓದಲಿಕತ್ತಾರ."

"ಹಂಗಾದ್ರ ಅದನ್ನೇ ಬರೆದು ಕೊಡ್ರಿ. ಇದು ನಿಯಮ ಅಂತ ಎರಡು ಸಾಲು."

ಕಾರ್ಯದರ್ಶಿ ಚಹಾದ ಬಸಿ ಕೆಳಗಿಟ್ಟರು. "ಬರದ್ರ ಮತ್ತ ಮ್ಯಾಲಿನವ್ರಿಗೆ ಕಳಿಸಬೇಕಾಗ್ತದ, ಅವರು ನೂರೆಂಟು ಕೇಳ್ತಾರ. ನಡೀಲಿಕತ್ತದಲ್ರಿ, ನಡೀಲಿ ಬಿಡ್ರಿ."

ನೀಲಾಬಾಯಿಗೆ ಬರುವುದಿಲ್ಲ ಎಂದುಬಿಡಬೇಕು ಅನ್ನಿಸಿತು. ಬಾಯಿ ತೆರೆದರು. ಆದರೆ ಆ ಮೇಜಿಗೆ ತಾವು ಕೂಡದಿದ್ದರೆ, ನಿಯಮವಿಲ್ಲವೆಂದು ಯಾದಿ ಓದದ ಇನ್ನೊಬ್ಬ ಕೂಡಬಹುದು.

"ಎಷ್ಟು ಹೊತ್ತಿಗೆ ಬರಬೇಕ್ರಿ?" ಎಂದು ಕೇಳಿದರು, ಸಿಟ್ಟಿನಿಂದಲೇ.